ಲೆಕ್ಕ ಯಾರನ್ನ ಕೇಳೋಣ?

(ತುರುವನೂರಿನ ಕೇರಿಯಲ್ಲಿ ಆಡಿದ ಮಾತು)



ನಾನು ದುರ್ಗದ ನಗರಸಭೆಗೆ ಓಟಿಗೆ ನಿಲ್ಲುವವನು. ಇಲ್ಲಿಗ್ಯಾಕೆ ಬಂದ ಅಂತೀರಿ. ಕೂಲಿಗೆ ಹೋಗಿ ಅಲ್ಲೇ ಉಳಿದ ನಿಮ್ಮ ಮಕ್ಕಳ ಓಟು ಅಲ್ಲಿದೆ. ಹಬ್ಬಕ್ಕೆ ಬಂದಾಗ ಈ ಮಾತು ಅವರ ಕಿವಿಗೆ ಹಾಕಿ.

2018ರ ಆಗಸ್ಟ್ 31ರಂದು ದುರ್ಗವೂ ಸೇರಿ ರಾಜ್ಯದ ಎಷ್ಟೋ ಊರುಗಳಲ್ಲಿ ಓಟು ನಡೆಯಿತು. ಗೆದ್ದವರು ಹಾರ ಹಾಕಿಸಿಕೊಂಡರು. ಆಮೇಲೆ? ಅಧ್ಯಕ್ಷಗಿರಿಯ ಮೀಸಲಾತಿ ಪಟ್ಟಿ ಕೋರ್ಟು ಹತ್ತಿತು. 2020ರ ಕೊನೆತನಕ ಅಧಿಕಾರಿಗಳದೇ ಆಡಳಿತ. ಚರಂಡಿ ಕಟ್ಟಿದರೆ ಯಾರನ್ನ ಕೇಳೋದು? ಮೆಂಬರಿಗೆ ಅಧಿಕಾರವಿಲ್ಲ, ಅಧಿಕಾರಿಗೆ ನಮ್ಮ ಓಟು ಬೇಕಿಲ್ಲ. 2023ರಲ್ಲಿ ಎರಡನೇ ಅವಧಿಗೂ ಇದೇ ಕತೆ. ಪಟ್ಟಿ ಬಂದದ್ದು 2024ರ ಆಗಸ್ಟಿನಲ್ಲಿ. ಪಟ್ಟಿ ಬರೆದದ್ದು ಸರ್ಕಾರ, ಕೆಟ್ಟ ಹೆಸರು ಮಾತ್ರ ಮೀಸಲಾತಿಗೆ!

ನಗರಸಭೆ ತನ್ನ ನಿಧಿಯಲ್ಲಿ ನೂರಕ್ಕೆ 24 ರೂಪಾಯಿ 10 ಪೈಸೆ ಪರಿಶಿಷ್ಟ ಜಾತಿ, ಪಂಗಡದವರಿಗೆ ತೆಗೆದಿಡಬೇಕು. ಅದು ಯಾವ ಕೇರಿಯ ಯಾವ ಬೀದಿಗೆ ಬಿತ್ತು? 1939ರಲ್ಲಿ ಈಚಲು ಮರ ಕಡಿದು ಸರ್ಕಾರಕ್ಕೆ ಎದುರು ನಿಂತ ಊರು ಇದು, ಕೇಳೋಕೆ ಹೆದರಬೇಡಿ.

ಗೆದ್ದರೆ ಆ ಲೆಕ್ಕವನ್ನ ವಾರ್ಡಿನ ಗೋಡೆ ಮೇಲೆ ಬರೆಸುತ್ತೇನೆ. ಸೋತರೆ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇನೆ. ಅದಕ್ಕೆ ಬೇಕಾದ್ದು ಹತ್ತು ರೂಪಾಯಿ. ಅಷ್ಟು ನನ್ನ ಜೇಬಿನಲ್ಲಿದೆ.