ಬಿಟ್ಟಿ ಜಾಗದಲ್ಲಿ ಕನ್ನಡದ ಗಣಿತ

(ಫ್ಲವರ್ ಮೌಂಡ್‌ನ ಕನ್ನಡ ಓದುಗರ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ಗಳ ಕನ್ನಡ ಮನೆಗಳಲ್ಲಿ ಗಣಿತ ಬಲ್ಲವರಿಗೆ ಕೊರತೆಯಿಲ್ಲ. ಹಗಲು ಸಾಫ್ಟ್‌ವೇರ್ ಬರೆಯುವವರಲ್ಲಿ ಕೆಲವರಿಗಾದರೂ ಸಂಜೆ ಕನ್ನಡದಲ್ಲಿ ಗಣಿತ ಬರೆಯಬೇಕೆಂಬ ಆಸೆ ಹುಟ್ಟುತ್ತದೆ. ಹುಟ್ಟಿದೊಡನೆ ಎದುರಾಗುವ ಪ್ರಶ್ನೆ: ಉಚಿತ ಬ್ಲಾಗ್ ತಾಣಗಳಲ್ಲಿ ಯಾವುದು ವಾಸಿ? ಇದನ್ನು ಬರಿಯ ತಾಂತ್ರಿಕ ಪ್ರಶ್ನೆಯೆಂದು ಬಗೆದು, ಪಟ್ಟಿ ಹಾಕಿ ಅಂಕ ಕೊಡುವವರು ಬಹಳ. ಆದರೆ ಯಾರಿಗಾಗಿ ಬರೆಯುವುದು ಎಂಬುದು ಇತ್ಯರ್ಥವಾಗದೆ ಎಲ್ಲಿ ಬರೆಯುವುದು ಎಂಬುದು ಇತ್ಯರ್ಥವಾಗದು.

ಇದೇ ಟೆಕ್ಸಸ್‌ನಲ್ಲಿ ಒಂದು ಹಳೆಯ ನಿದರ್ಶನವಿದೆ. ಎಡ್ಸ್‌ಖರ್ ಡೈಕ್‌ಸ್ಟ್ರಾ 1984ರಿಂದ 1999ರವರೆಗೆ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಗಣಿತ ಮತ್ತು ಗಣಕ ವಿಜ್ಞಾನದ ಬಗ್ಗೆ ಅವರು ಬರೆದ ಟಿಪ್ಪಣಿಗಳು 1300ಕ್ಕೂ ಹೆಚ್ಚು. ಪ್ರತಿಯೊಂದಕ್ಕೂ ತಮ್ಮ ಹೆಸರಿನ ಮೂರು ಮೊದಲಕ್ಷರ, ಒಂದು ಕ್ರಮಸಂಖ್ಯೆ. ಬಹುಪಾಲನ್ನು ಶಾಯಿಪೆನ್ನಿನಲ್ಲಿ ಬರೆದು, ನೆರಳಚ್ಚು ತೆಗೆದು ಕೆಲವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಪಡೆದವರು ಮತ್ತೆ ನೆರಳಚ್ಚು ತೆಗೆದು ಹಂಚುತ್ತಿದ್ದರು. ಅವರು 2002ರಲ್ಲಿ ತೀರಿಕೊಂಡರು. ಆ ಟಿಪ್ಪಣಿಗಳು ಇಂದು ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿವೆ. ಅನೇಕವನ್ನು ಸ್ವಯಂಸೇವಕರು ಅಕ್ಷರಕ್ಕೆ ಅಕ್ಷರ ಟೈಪ್ ಮಾಡಿದ್ದಾರೆ. ಬರಹ ಉಳಿದದ್ದು ಯಾವುದೋ ಕಂಪನಿಯ ಕೃಪೆಯಿಂದಲ್ಲ. ಪ್ರತಿ ತೆಗೆಯಲು ಯಾರ ಅಡ್ಡಿಯೂ ಇರಲಿಲ್ಲ, ಹಾಗಾಗಿ ಉಳಿಯಿತು.

ಅದೇ ವಿಶ್ವವಿದ್ಯಾಲಯದ ಇನ್ನೊಂದು ಕಥೆಯನ್ನೂ ಮರೆಯುವಂತಿಲ್ಲ. ಅಲ್ಲಿನ ಗಣಿತ ವಿಭಾಗದ ಕಟ್ಟಡಕ್ಕೆ ದಶಕಗಳ ಕಾಲ ಆರ್.ಎಲ್. ಮೂರ್ ಅವರ ಹೆಸರಿತ್ತು. ಸಂಸ್ಥಿತಿಶಾಸ್ತ್ರದಲ್ಲಿ, ಎಂದರೆ ಟೊಪಾಲಜಿಯಲ್ಲಿ, ದೊಡ್ಡ ಹೆಸರು. ಬೋಧನೆಯ ಕ್ರಮಕ್ಕೂ ಪ್ರಸಿದ್ಧರು. ಆದರೆ ಕರಿಯ ವಿದ್ಯಾರ್ಥಿಗಳನ್ನು ಅವರು ತಮ್ಮ ತರಗತಿಗೆ ಸೇರಿಸಿಕೊಳ್ಳಲಿಲ್ಲ. 2020ರಲ್ಲಿ ಆ ಹೆಸರನ್ನು ತೆಗೆಯಲಾಯಿತು. ಗಣಿತಕ್ಕೆ ಜಾತಿಯಿಲ್ಲ, ಬಣ್ಣವಿಲ್ಲ ಎನ್ನುವುದು ಕೇಳಲು ಚೆಂದ. ಗಣಿತದ ತರಗತಿಯ ಬಾಗಿಲಿಗೆ ಮಾತ್ರ ಎರಡೂ ಇದ್ದವು.

ನಮ್ಮಲ್ಲಿ ಆ ಬಾಗಿಲಿಗೆ ಭಾಷೆಯೂ ಒಂದು ಅಗುಳಿ. ಕನ್ನಡದಲ್ಲಿ ಗಣಿತ ಬರೆಯುವುದು ಹೊಸ ಸಾಹಸವಲ್ಲ. 12ನೆಯ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ'ಗಳನ್ನು ಕನ್ನಡದಲ್ಲೇ ರಚಿಸಿದ. (ಅವನ ಊರು ಪೂವಿನಬಾಗೆ. ಹೂವಿನ ಹೆಸರಿನ ಈ ಟೆಕ್ಸಸ್ ಪಟ್ಟಣದಲ್ಲಿ ಕುಳಿತವರಿಗೆ ಅದೊಂದು ಸಂತಸದ ಕಾಕತಾಳೀಯ.) ಶಾಸ್ತ್ರದ ಭಾಷೆ ಸಂಸ್ಕೃತವಾಗಿದ್ದ ಕಾಲದಲ್ಲಿ ಅವನು ಆರಿಸಿಕೊಂಡದ್ದು ಜನರ ನುಡಿ. ಇಂದು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಪಿಯುಸಿ ವಿಜ್ಞಾನಕ್ಕೆ ಸೇರಿದ ದಿನವೇ ಎಲ್ಲ ಪದಗಳನ್ನೂ ಕಳೆದುಕೊಳ್ಳುತ್ತಾಳೆ. ಟೆಕ್ಸಸ್‌ನಿಂದ ಕನ್ನಡದಲ್ಲಿ ಬರೆಯುವವರ ಓದುಗಳು ಅವಳೇ. ಅವಳ ಕೈಯಲ್ಲಿರುವುದು ಮನೆಯವರೆಲ್ಲ ಹಂಚಿಕೊಳ್ಳುವ ಒಂದು ಮೊಬೈಲು, ಅಳೆದು ಬಳಸುವ ಡೇಟಾ. ತಾಣದ ಆಯ್ಕೆ ಅಲ್ಲಿಂದ ಆರಂಭವಾಗಬೇಕು.

ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಉಚಿತ ಖಾತೆ ಗಣಿತಜ್ಞರಿಗೆ ಬಹುಕಾಲದಿಂದ ಪ್ರಿಯ. ಟೆರೆನ್ಸ್ ಟಾವೊ ಬರೆಯುವುದು ಅಲ್ಲಿಯೇ. 2009ರಲ್ಲಿ ತಿಮತಿ ಗವರ್ಸ್ ತಮ್ಮ ಬ್ಲಾಗಿನಲ್ಲಿ ಒಂದು ಸಮಸ್ಯೆಯನ್ನು ಎಲ್ಲರ ಮುಂದಿಟ್ಟು, ಹಲವರು ಕೂಡಿ ಬಿಡಿಸಿದ ಪಾಲಿಮ್ಯಾತ್ ಪ್ರಯೋಗ ನಡೆದದ್ದೂ ಅಲ್ಲಿಯೇ. ಲೇಟೆಕ್‌ನಲ್ಲಿ ಸಮೀಕರಣ ಬರೆದರೆ ತಾನಾಗಿಯೇ ಮೂಡುತ್ತದೆ, ಬೇರೇನೂ ಜೋಡಿಸಬೇಕಿಲ್ಲ. ಆದರೆ ಮೂಡುವುದು ಚಿತ್ರವಾಗಿ. ಇಂಗ್ಲಿಷ್ ಬರಹಕ್ಕೆ ಇದು ಸಣ್ಣ ಕುಂದು, ಕನ್ನಡಕ್ಕೆ ದೊಡ್ಡದು: 'ವಿಸ್ತೀರ್ಣ = ಉದ್ದ × ಅಗಲ' ಎಂಬಂತೆ ಸಮೀಕರಣದೊಳಗೇ ಕನ್ನಡ ಪದ ಬಂದಾಗ ತೊಡಕು ಶುರು. ಅಕ್ಷರ ದೊಡ್ಡದು ಮಾಡಿದರೆ ಚಿತ್ರ ಮಸುಕಾಗುತ್ತದೆ. ಮೇಲೆ ಕಂಪನಿಯ ಜಾಹೀರಾತು ಬೇರೆ. ಅದರ ಡೇಟಾ ಖರ್ಚೂ ಆ ಹುಡುಗಿಯದೇ.

ಗೂಗಲ್‌ನ ಬ್ಲಾಗರ್‌ನಲ್ಲಿ ಗಣಿತಕ್ಕೆಂದು ಸ್ವಂತ ಏರ್ಪಾಡಿಲ್ಲ. ಆದರೆ ಪುಟದ ವಿನ್ಯಾಸದಲ್ಲಿ ಮ್ಯಾತ್‌ಜ್ಯಾಕ್ಸ್ ಅಥವಾ ಕೇಟೆಕ್‌ನ ಕೆಲವು ಸಾಲು ಸೇರಿಸಲು ಅವಕಾಶವಿದೆ. ಒಮ್ಮೆ ಸೇರಿಸಿದರೆ ಸಮೀಕರಣ ಚಿತ್ರವಾಗದೆ ಅಕ್ಷರವಾಗಿಯೇ ಉಳಿಯುತ್ತದೆ, ಒಳಗಿನ ಕನ್ನಡ ಪದ ಓದುಗರ ಫೋನಿನ ಫಾಂಟಿನಲ್ಲೇ ಮೂಡುತ್ತದೆ. ಎರಡರಲ್ಲಿ ಕೇಟೆಕ್ ಹಗುರ. ಖಾನ್ ಅಕಾಡೆಮಿಯವರು ರೂಪಿಸಿದ್ದು. ಜಾಹೀರಾತು ಬರೆಯುವವರ ಇಚ್ಛೆಗೆ ಬಿಟ್ಟದ್ದು. ಊರಿನ ಮೇಷ್ಟರೊಬ್ಬರನ್ನು ಜೊತೆಗೆ ಸೇರಿಸಿಕೊಂಡು ಬರೆಯುವುದಾದರೆ ಇದಕ್ಕಿಂತ ಸುಲಭದ ದಾರಿ ಕಾಣದು. ಅಂಜಿಕೆ ಒಂದೇ: ಗೂಗಲ್ ತನ್ನ ರೀಡರ್ ಸೇವೆಯನ್ನು 2013ರಲ್ಲಿ, ಗೂಗಲ್ ಪ್ಲಸ್ ಅನ್ನು 2019ರಲ್ಲಿ ಮುಚ್ಚಿತು.

ಗಿಟ್‌ಹಬ್ ಪೇಜಸ್ ಇಲ್ಲಿನ ಎಂಜಿನಿಯರುಗಳ ಅಚ್ಚುಮೆಚ್ಚು. ಪುಟ ಹಗುರ, ಜಾಹೀರಾತಿಲ್ಲ, ಬರಹವೆಲ್ಲ ಸರಳ ಪಠ್ಯದ ಕಡತಗಳಾಗಿ ಬರೆದವರ ಗಣಕದಲ್ಲೇ ಇರುತ್ತದೆ. ಆದರೆ ಗಿಟ್ ಬಾರದ ಮೇಷ್ಟರಿಗೆ ಅದು ಏಳು ಸುತ್ತಿನ ಕೋಟೆ. ಇನ್ನೊಂದು ವಿಷಯ: 2019ರಲ್ಲಿ ಅಮೆರಿಕದ ನಿರ್ಬಂಧ ಕಾನೂನಿನ ಕಾರಣ ಇರಾನ್, ಸಿರಿಯಾ, ಕ್ರಿಮಿಯಾದ ಬಳಕೆದಾರರಿಗೆ ಗಿಟ್‌ಹಬ್ ಹಲವು ಸೌಲಭ್ಯಗಳನ್ನು ನಿಲ್ಲಿಸಿತು. ಇರಾನಿನವರಿಗೆ ಅವು ಮರಳಿ ಸಿಕ್ಕಿದ್ದು 2021ರಲ್ಲಿ. ಪ್ರಭುತ್ವಕ್ಕೂ ಗಣಿತದ ಟಿಪ್ಪಣಿಗೂ ಏನು ಸಂಬಂಧ ಎಂದು ಕೇಳುವವರಿಗೆ ಇದು ಉತ್ತರವಾದೀತು.

'ಬಿಟ್ಟಿ' ಎಂಬ ಕನ್ನಡದ ಮಾತಿಗೆ ಎರಡು ಮುಖ. ಹಣ ಕೊಡದೆ ಸಿಕ್ಕಿದ್ದು ಬಿಟ್ಟಿ. ಕೂಲಿ ಕೊಡದೆ ಮಾಡಿಸಿಕೊಂಡ ದುಡಿಮೆಯೂ ಬಿಟ್ಟಿಯೇ. ಉಚಿತ ತಾಣಗಳು ಎರಡೂ ಹೌದು. ಯಾಹೂ 2009ರಲ್ಲಿ ಜಿಯೋಸಿಟೀಸ್ ಮುಚ್ಚಿದಾಗ, ವರ್ಷಗಟ್ಟಲೆ ಬಿಟ್ಟಿ ದುಡಿದು ಅಲ್ಲಿ ಪುಟ ಕಟ್ಟಿದವರಿಗೆ ದಕ್ಕಿದ್ದು ಮುಚ್ಚುವ ಸೂಚನೆ ಮಾತ್ರ. ಲೇಟೆಕ್‌ನ ತಳಹದಿಯಾದ ಟೆಕ್ ಬೇರೆ ಬಗೆಯದು. ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕದ ಅಚ್ಚು ಕುರೂಪವಾಯಿತೆಂದು 1970ರ ದಶಕದ ಕೊನೆಯಲ್ಲಿ ಕೈಗೆತ್ತಿಕೊಂಡ ಕೆಲಸ. ಅದನ್ನು ಲೋಕಕ್ಕೇ ಬಿಟ್ಟುಕೊಟ್ಟರು. ಮುಚ್ಚಲು ಅಲ್ಲಿ ಅಂಗಡಿಯೇ ಇಲ್ಲ.

ಆದ್ದರಿಂದ ತಾಣ ಯಾವುದಾದರೂ ಇರಲಿ, ಮೂಲಪ್ರತಿ ಯೂನಿಕೋಡ್ ಕನ್ನಡದಲ್ಲಿ, ಲೇಟೆಕ್ ಗುರುತುಗಳೊಡನೆ, ಬರೆದವರ ಬಳಿಯೇ ಇರಬೇಕು. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ, ಆ ಫಾಂಟಿಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುವುದನ್ನು ನೋಡದ ಕನ್ನಡ ಬರಹಗಾರರಿಲ್ಲ. ಆ ಪಾಠವನ್ನು ಸಮೀಕರಣಗಳ ಮೂಲಕ ಇನ್ನೊಮ್ಮೆ ಕಲಿಯಬೇಕಾಗಿಲ್ಲ. ಪುಟದ ಕೆಳಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಒಂದು ಸಾಲಿದ್ದರೆ, ಸರ್ಕಾರಿ ಶಾಲೆಯ ಶಿಕ್ಷಕಿ ಯಾರನ್ನೂ ಕೇಳದೆ ಜೆರಾಕ್ಸ್ ಮಾಡಿಸಿ ಹಂಚಬಹುದು.

ಇಷ್ಟಾದ ಮೇಲೆ ಹೊಸಬರಿಗೆ ಬ್ಲಾಗರ್ ಸಾಕು. ಗಿಟ್ ಬಲ್ಲವರು ಒಬ್ಬರೇ ಬರೆಯುವುದಾದರೆ ಗಿಟ್‌ಹಬ್ ಮೇಲು. ತಿಂಗಳುಗಟ್ಟಲೆ ಹೋಲಿಸುತ್ತ ಕೂರುವ ಬದಲು, ವರ್ಗ ಸಮೀಕರಣದ ಸೂತ್ರವನ್ನು ಒಂದೆರಡು ಕನ್ನಡ ಪದಗಳೊಡನೆ ಒಂದೇ ಪುಟದಲ್ಲಿ ಬರೆದು, ಕೊಂಡಿಯನ್ನು ಊರಿಗೆ ಕಳಿಸಿ, ಹಳೆಯ ಮೊಬೈಲಿನಲ್ಲಿ ತೆರೆದು ನೋಡಲು ಹೇಳಿದರೆ ಆಯಿತು. ಸೂತ್ರ ಪೂರ್ತಿ ಕಂಡಿತೇ, ಎಷ್ಟು ಹೊತ್ತು ಹಿಡಿಯಿತು, ಅರ್ಥವಾಯಿತೇ ಎಂಬುದನ್ನು ಅಲ್ಲಿಂದಲೇ ಕೇಳಿ ತಿಳಿಯಬಹುದು.