ಹೂಡಿದ್ದನ್ನು ಬಿಚ್ಚಬೇಕು
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



"ಬೆಂಗಳೂರಾಗ ನಿನ್ನ ಕೆಲಸ ಏನಪಾ?" ಎಂದು ಊರಿಗೆ ಬಂದಾಗಲೆಲ್ಲ ಹಿರಿಯರು ಕೇಳುತ್ತಾರೆ. ಇಂದು ಒಂದು ಉದಾಹರಣೆಯಿಂದ ಉತ್ತರ ಹೇಳುತ್ತೇನೆ.

ವಿಂಡೋಸ್ ಇದ್ದಂತೆ ಲಿನಕ್ಸ್ ಕೂಡ ಕಂಪ್ಯೂಟರ್ ನಡೆಸುವ ತಂತ್ರಾಂಶ. ಅದರಲ್ಲಿ ಪೆನ್‌ಡ್ರೈವನ್ನೋ ಡಿಸ್ಕನ್ನೋ ಬಳಸಬೇಕಾದರೆ ಒಂದು ಫೋಲ್ಡರಿಗೆ ಜೋಡಿಸಬೇಕು. ಅದಕ್ಕೆ ಮೌಂಟ್ ಎನ್ನುತ್ತಾರೆ. ಚಕ್ಕಡಿಗೆ ಎತ್ತು ಹೂಡಿದ ಹಾಗೆ. ಕೆಲಸ ಮುಗಿದ ಮೇಲೆ ಬಿಚ್ಚಬೇಕು. ಬಿಚ್ಚದೆ ಉಳಿದರೆ ಆ ಫೋಲ್ಡರನ್ನು ಅಳಿಸಲು ಬರುವುದಿಲ್ಲ. "ಡಿವೈಸ್ ಆರ್ ರಿಸೋರ್ಸ್ ಬಿಜಿ" ಎನ್ನುತ್ತದೆ. ಇನ್ನೂ ಯಾರೋ ಹಿಡಿದುಕೊಂಡಿದ್ದಾರೆ ಎಂದರ್ಥ.

ಕೆಲವು ವರ್ಷಗಳ ಹಿಂದೆ ರಕ್ತ ತಪಾಸಣೆಯ ಒಂದು ಲ್ಯಾಬಿನ ಸರ್ವರ್ ನೋಡುವ ಕೆಲಸ ನಮ್ಮ ತಂಡಕ್ಕೆ ಬಂತು. ಅಲ್ಲಿ ಪ್ರೋಗ್ರಾಂಗಳು ಕಂಟೇನರ್ ಎಂಬ ಪೆಟ್ಟಿಗೆಗಳಲ್ಲಿ ನಡೆಯುತ್ತಿದ್ದವು. ಪ್ರೋಗ್ರಾಂ ಮುಗಿದರೂ ಮೌಂಟ್ ಉಳಿಯುತ್ತಿತ್ತು, ಪೆಟ್ಟಿಗೆ ಅಳಿಯುತ್ತಿರಲಿಲ್ಲ, ಡಿಸ್ಕ್ ತುಂಬುತ್ತಿತ್ತು. "ಬಂದ್ ಮಾಡಿ ಚಾಲೂ ಮಾಡ್ರಿ" ಎಂಬುದೇ ಅಲ್ಲಿಯ ಮದ್ದು. ಎಂಟು ದಿನಕ್ಕೆ ಮತ್ತದೇ ಗೋಳು. ಪ್ರತಿ ಸಲವೂ ವರದಿಗಳು ನಿಲ್ಲುತ್ತಿದ್ದವು. ಮನೆಯವರ ವರದಿಗೆ ಕಾಯ್ದು ಕೂತವರ ಸಂಕಟ ನಿಮಗೆಲ್ಲ ಗೊತ್ತು.

ಹಿಡಿದವರು ಯಾರೆಂದು ಹುಡುಕಿದೆವು. ಲಿನಕ್ಸ್‌ನಲ್ಲಿ ನಡೆಯುತ್ತಿರುವ ಪ್ರತಿ ಪ್ರೋಗ್ರಾಮಿಗೆ ಕಾಣುವ ಮೌಂಟ್‌ಗಳ ಪಟ್ಟಿ 'ಮೌಂಟ್‌ಇನ್ಫೊ' ಎಂಬ ಕಡತದಲ್ಲಿರುತ್ತದೆ. ಎಲ್ಲ ಪಟ್ಟಿಗಳನ್ನೂ ಜಾಲಾಡಿದಾಗ ಆ ಪೆಟ್ಟಿಗೆಗೆ ಸಂಬಂಧವೇ ಇಲ್ಲದ ಒಂದು ಸೇವೆ ಸಿಕ್ಕಿತು. ಅದು ಶುರುವಾಗುವಾಗ ಪಟ್ಟಿಯ ನಕಲು ತೆಗೆದಿಟ್ಟುಕೊಂಡಿತ್ತು. ಮೂಲದಲ್ಲಿ ಬಿಚ್ಚಿದರೂ ನಕಲಿನಲ್ಲಿ ಹಾಗೇ ಉಳಿದಿತ್ತು. ಅದೊಂದನ್ನೇ ನಿಲ್ಲಿಸಿ ಮತ್ತೆ ಶುರು ಮಾಡಿದೆವು, ಫೋಲ್ಡರ್ ಅಳಿಯಿತು.

ಆದರೆ ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಆ ಯಂತ್ರದಲ್ಲಿದ್ದದ್ದು ಸೆಂಟ್‌ಒಎಸ್ 7, ಅದರ ತಿರುಳಾದ ಕರ್ನಲ್ ಪ್ಯಾಕೇಜ್ 3.10 ಸರಣಿಯ ಹಳೆಯದು. ಬೇರೆಯವರ ನಕಲಿನಲ್ಲಿ ಮೌಂಟ್ ಉಳಿದಿದ್ದರೂ ಫೋಲ್ಡರ್ ಅಳಿಸಬಹುದೆಂಬ ತಿದ್ದುಪಡಿ 2014ರ ಡಿಸೆಂಬರಿನಲ್ಲಿ 3.18ರ ಕರ್ನಲ್ ಜೊತೆ ಬಂದಿತ್ತು. 2017ರಲ್ಲಿ 7.4ರ ಆವೃತ್ತಿಗೂ ಅದನ್ನು ತಂದು, ಬೇಕಾದವರು ಚಾಲೂ ಮಾಡಿಕೊಳ್ಳಲಿ ಎಂದು ಒಂದು ಸೆಟ್ಟಿಂಗ್ ಕೊಟ್ಟಿದ್ದರು. ಪ್ಯಾಕೇಜ್ ಅಪ್‌ಡೇಟ್ ಮಾಡಿ ಅದನ್ನು ಚಾಲೂ ಮಾಡಿದೆವು. ತೊಂದರೆ ಮರುಕಳಿಸಲಿಲ್ಲ. ಮದ್ದು ಮೊದಲೇ ಇತ್ತು, ತಂದು ಹಾಕುವವರಿರಲಿಲ್ಲ.

ಲಿನಕ್ಸ್ ಹಲವರು ಕೈಗೂಡಿಸಿ ಕಟ್ಟಿದ್ದು, ಯಾರು ಬೇಕಾದರೂ ಬಳಸಬಹುದು. ನಮಗಿದು ಹೊಸ ಮಾತಲ್ಲ. 1905ರಲ್ಲೇ ಸಿದ್ದನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನೆಲ ಇದು. ಸಂಘ ಕಟ್ಟಿದರೆ ಸಾಲದು, ವರ್ಷ ವರ್ಷ ಲೆಕ್ಕ ನೋಡುವವರೂ ಬೇಕೆಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಈ ಸಂಭ್ರಮದ ನೆನಪಿಗೆ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಕಂಪ್ಯೂಟರ್ ಕೊಡುತ್ತಿದ್ದೇವೆ. ಕೊಟ್ಟು ಫೋಟೊ ತೆಗೆಸಿಕೊಂಡು ಹೋದರೆ ನಾಲ್ಕು ವರ್ಷದಲ್ಲಿ ಅವು ಬಟ್ಟೆ ಹೊದ್ದು ಮೂಲೆ ಸೇರುತ್ತವೆ. ಸೆಂಟ್‌ಒಎಸ್ 7ಕ್ಕೂ 2024ರ ಜೂನ್ 30ಕ್ಕೆ ತಿದ್ದುಪಡಿಗಳು ನಿಂತವು. ಪ್ರತಿ ತಂತ್ರಾಂಶಕ್ಕೂ ಇಂಥ ಒಂದು ತಾರೀಖು ಬರುತ್ತದೆ. ಆದ್ದರಿಂದ ಕಂಪ್ಯೂಟರಿನ ಜೊತೆ ಒಂದು ರಿಜಿಸ್ಟರ್ ಇಡೋಣ. ಯಾವ ಯಂತ್ರ, ಯಾವ ಆವೃತ್ತಿ, ಎಂದು ಅಪ್‌ಡೇಟ್ ಆಯಿತು, ಮಾಡಿದವರು ಯಾರು ಎಂದು ಒಂಬತ್ತನೆಯ ತರಗತಿಯ ಮಕ್ಕಳೇ ಬರೆಯಲಿ. ವರ್ಷಕ್ಕೆರಡು ಸಲ ಬಂದು ಅವರೊಡನೆ ಕೂತು ನೋಡುವ ಹೊಣೆ ನನ್ನದು. ಇನ್ನಿಬ್ಬರು ಹೆಸರು ಕೊಟ್ಟರೆ ಅನುಕೂಲ.

ಮಕ್ಕಳೇ, ತೆರೆಯ ಮೇಲೆ ಇಂಗ್ಲಿಷಿನಲ್ಲಿ ಏನಾದರೂ ಬಂದರೆ ಅಂಜಿ ಬಂದ್ ಮಾಡಬೇಡಿ. ಮೊದಲು ಓದಿ, ವಹಿಯಲ್ಲಿ ಬರೆದುಕೊಳ್ಳಿ, ಆಮೇಲೆ ಕೇಳಿ. ನನ್ನ ಕೆಲಸವೂ ದಿನಾಲೂ ಅಲ್ಲಿಂದಲೇ ಶುರುವಾಗುತ್ತದೆ.