ವಿಕಲಚೇತನ ಮಕ್ಕಳು: ಸರ್ಕಾರದ ನೆರವು ಮತ್ತು ನಮ್ಮ ಸಂಘದ ಹೊಣೆ

(ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಈ ಶುಭ ಸಂದರ್ಭದಲ್ಲಿ ಹಾಲಿನ ಲೆಕ್ಕ, ಬೋನಸ್ಸಿನ ಲೆಕ್ಕ ಎಲ್ಲವೂ ಆಯಿತು. ಯಾವ ಲೆಕ್ಕಕ್ಕೂ ಸೇರದೆ ಮನೆಯೊಳಗೇ ಉಳಿದ ಮಕ್ಕಳ ಬಗ್ಗೆ ನಾವು ಎರಡು ಮಾತು ಹೇಳಬಯಸುತ್ತೇವೆ. ನಡೆಯಲಾರದ, ಕಿವಿ ಕೇಳದ, ಬುದ್ಧಿ ಬೆಳವಣಿಗೆ ನಿಧಾನವಾದ ಮಗು ಹುಟ್ಟಿದರೆ "ನಮ್ಮ ಕರ್ಮ" ಅಂತ ಸುಮ್ಮನಾಗುವವರು ಇನ್ನೂ ಇದ್ದಾರೆ. ಕರ್ಮವಲ್ಲ ಬಂಧುಗಳೇ, ಆ ಮಗುವಿಗೆ ಕಾನೂನಿನ ಹಕ್ಕಿದೆ.

1995ರ ಕಾಯಿದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು. 2016ರ ಕಾಯಿದೆಯಲ್ಲಿ 21 ಆದವು. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ಶಿಕ್ಷಣ ಉಚಿತ. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಕಲಿಸುವ ಗೃಹಾಧಾರಿತ ಶಿಕ್ಷಣವೂ ಉಂಟು. ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ರಿಯಾಯಿತಿ ಬಸ್ ಪಾಸು, ಗಾಲಿಕುರ್ಚಿ, ಶ್ರವಣ ಸಾಧನ ಬೇರೆ. ಬುದ್ಧಿಮಾಂದ್ಯತೆ, ಆಟಿಸಂ, ಮೆದುಳಿನ ಪಾರ್ಶ್ವವಾಯು, ಬಹುವಿಧ ವೈಕಲ್ಯ ಇರುವವರಿಗೆ 1 ಲಕ್ಷ ರೂಪಾಯಿವರೆಗಿನ 'ನಿರಾಮಯ' ಆರೋಗ್ಯ ವಿಮೆ ಇದೆ.

"ನಾವು ಹೋದ ಮೇಲೆ ಈ ಕೂಸಿಗೆ ಯಾರು?" ಎಂಬುದೇ ತಂದೆತಾಯಿಗಳ ದೊಡ್ಡ ಚಿಂತೆ. ಈ ನಾಲ್ಕು ಬಗೆಯವರಿಗೆ 18 ತುಂಬಿದ ನಂತರ ಕಾನೂನುಬದ್ಧ ಪೋಷಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಅವಕಾಶವಿದೆ. ಅದಕ್ಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬೇಕು.

ಇದರಲ್ಲಿ ಬಹುಪಾಲಿಗೆ ಮೊದಲು ಬೇಕಾದ್ದು ವೈಕಲ್ಯದ ಪ್ರಮಾಣಪತ್ರ, ಅಂದರೆ ಯುಡಿಐಡಿ ಕಾರ್ಡು. 2021ರ ಜೂನ್‌ನಿಂದ ಇದು ಆನ್‌ಲೈನ್ ಮೂಲಕವೇ ಸಿಗುತ್ತದೆ. ತೊಡಕು ಇರುವುದು ಇಲ್ಲೇ. ಮನೆಯಲ್ಲಿ ತೆಲುಗು ಆಡುವ ತಾಯಿಗೆ ಅರ್ಜಿ ತುಂಬಿಸಲು ಇನ್ನೊಬ್ಬರು ಬೇಕು. ಕೂಸನ್ನು ಎತ್ಕೊಂಡು ಕೋಲಾರದ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು, ಹಸು ಕರೆಯೋರೂ ಇಲ್ಲ. "ಇನ್ನೊಂದು ದಿನ ಬಾ" ಅಂದರೆ ಅಲ್ಲಿಗೇ ಕೈಬಿಡುತ್ತಾರೆ.

ಒಬ್ಬರ ಕೈಲಿ ಆಗದ್ದನ್ನು ಹತ್ತು ಜನ ಸೇರಿ ಮಾಡುವುದಕ್ಕೇ ಅಲ್ಲವೇ ಸಹಕಾರ ಸಂಘ ಇರುವುದು? ಆದ್ದರಿಂದ ಆಡಳಿತ ಮಂಡಳಿಯಲ್ಲಿ ನಮ್ಮ ವಿನಂತಿ ಇಷ್ಟು:

ಒಂದು, ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕರೆಸಿ, ತಂದೆತಾಯಿಗಳ ಒಪ್ಪಿಗೆ ಪಡೆದು ಮಕ್ಕಳ ಪಟ್ಟಿ ಮಾಡಿಸಬೇಕು.

ಎರಡು, ಎಲ್ಲರನ್ನೂ ಒಂದೇ ದಿನ, ಒಂದೇ ಗಾಡಿಯಲ್ಲಿ ತಪಾಸಣೆಗೆ ಕರೆದೊಯ್ಯಬೇಕು. ಅಂದು ಅವರ ಮನೆಯ ಹಾಲು ಕರೆದು ಡೈರಿಗೆ ಹಾಕುವ ಹೊಣೆ ಅಕ್ಕಪಕ್ಕದವರದು.

ಮೂರು, ಚಿಕ್ಕ ಮಕ್ಕಳಿಗೆ ಅವಧಿ ಹಾಕಿ ಪ್ರಮಾಣಪತ್ರ ಕೊಡುವುದುಂಟು. ಅದು ಮುಗಿಯುವ ತಾರೀಖನ್ನು ಸಂಘದ ಪುಸ್ತಕದಲ್ಲಿ ಬರೆದಿಟ್ಟು ಮೊದಲೇ ನೆನಪಿಸಬೇಕು.

ದಿನಕ್ಕೆರಡು ಹೊತ್ತು ಕ್ಯಾನು ಹಿಡಿದು ನಾವೆಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತೇವೆ. ಮುಂದೆ ನಿಂತ ತಾಯಿಯನ್ನು "ಅಕ್ಕಾ, ಮಗೂಗೆ ಕಾರ್ಡು ಆಯ್ತಾ?" ಅಂತ ಕೇಳೋಣ. ಅಷ್ಟಾದರೂ ಇಂದಿನಿಂದಲೇ ಆಗಲಿ ಎಂದು ಕೋರಿ ಮಾತು ಮುಗಿಸುತ್ತೇವೆ.